ಕುದುರೆ ಗಾಡಿಗೆ ಬಿಳಿ ಬಣ್ಣ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬ್ಯಾಡಗಿಯ ನಮ್ಮ ಓಣಿಯವರೆಲ್ಲ ಹೇಳುತ್ತಾರೆ. ಅಣ್ಣನ ಸಿಟ್ಟು ಕೈಯಲ್ಲೇ ಇರುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಗಂಡಸಿನ ಸಿಟ್ಟಿಗೆ ಓಣಿ ಹೆಸರಿಡುವುದಿಲ್ಲ.

ನಮ್ಮದು ಮದುವೆ ಮೆರವಣಿಗೆಗೆ ಕುದುರೆ ಕಳಿಸುವ ಮನೆ. ಇರುವುದು ಒಂದೇ, ಬಿಳಿ ಹೆಣ್ಣು ಕುದುರೆ. ನಾನು ಗಂಡನ ಮನೆ ಬಿಟ್ಟು ಬಂದ ವರ್ಷ ಅಪ್ಪ ಅದನ್ನು ಮರಿಯಿದ್ದಾಗ ತಂದಿದ್ದ. ಅದಕ್ಕೆ ಹುರುಳಿ ಇಡುವುದು, ಮೈ ತಿಕ್ಕುವುದು, ಗೊರಸು ನೋಡುವುದು ಎಲ್ಲ ನನ್ನ ಪಾಲಿನದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಯಜಮಾನನಾದ. ದೂರದ ಊರಿಗೆ ಒಯ್ಯಲು ಒಂದು ಟ್ರೇಲರ್ ಇದೆ. ತಗಡಿನ ಗೋಡೆ, ತಗಡಿನ ಮಾಡು, ಮುಂದೆ ಒಂದು ಕಿಂಡಿ, ಕೆಳಗೆ ಮರದ ಹಲಗೆ. ಹಿಂಬಾಗಿಲನ್ನು ನೆಲಕ್ಕಿಳಿಸಿದರೆ ಅದರ ಮೇಲೆಯೇ ಕುದುರೆ ಹತ್ತಬೇಕು. ಜೀಪಿನ ಹಿಂದೆ ಕಟ್ಟಿ ಎಳೆಯುತ್ತೇವೆ.

ಈ ಸಲದ ಸುಗ್ಗಿಯಲ್ಲಿ ಅಣ್ಣ ಆ ಟ್ರೇಲರನ್ನು ಮೆಣಸಿನಕಾಯಿ ಚೀಲ ಸಾಗಿಸಲು ಗೆಳೆಯನಿಗೆ ಕೊಟ್ಟ. ವಾಪಸು ಬಂದ ಮೇಲೆ ಕಸಬರಿಗೆಯಿಂದ ಗುಡಿಸಿದ. ಹಲಗೆ ನೆನೆದರೆ ಕೊಳೆಯುತ್ತದೆ ಎಂದು ನೀರು ಹಾಕಲಿಲ್ಲ. ಅದಾದ ಮೇಲಿನ ಮೊದಲ ಮದುವೆ ಕುಪ್ಪೇಲೂರಿನದು. ರಾಣೇಬೆನ್ನೂರು ಮುಟ್ಟುವ ಮೊದಲೇ ಹಿಂದೆ ಧಡಧಡ ಸದ್ದು. ಬಾಗಿಲು ಇಳಿಸಿದರೆ ಕುದುರೆ ಒದೆಯುತ್ತಲೇ ಹೊರಬಿತ್ತು. ಬಾಯಲ್ಲಿ ನೊರೆ, ಮೊಣಕಾಲಲ್ಲಿ ರಕ್ತ. ಗೋಡೆಯ ತಗಡು ಹೊರಕ್ಕೆ ಉಬ್ಬಿತ್ತು. ಒಂದು ಒದೆ ಅಣ್ಣನ ಪಕ್ಕೆಗೂ ಬಿತ್ತು. ಮದುಮಗ ಟ್ರ್ಯಾಕ್ಟರಿನ ಮೇಲೆ ಮೆರೆದ. ಅಣ್ಣನಿಗೆ ಪಕ್ಕೆಗಿಂತ ಮಾನಕ್ಕೆ ಹೆಚ್ಚು ಪೆಟ್ಟಾಗಿತ್ತು.

ಆಮೇಲೆ ಕುದುರೆ ಟ್ರೇಲರ್ ಹತ್ತಲೇ ಇಲ್ಲ. ಹತ್ತಿರ ಒಯ್ದರೆ ಸಾಕು, ಕಿವಿ ಹಿಂದಕ್ಕೆ ಮಡಚಿ ನಾಲ್ಕೂ ಕಾಲು ನೆಲಕ್ಕೂರಿ ನಿಲ್ಲುತ್ತಿತ್ತು.

"ಹುಚ್ಚ ಹಿಡದೈತಿ ಇದಕ್ಕ," ಎಂದ ಅಣ್ಣ. "ಒಳಗ ಕತ್ತಲ ಐತಿ ಅಂತ ಅಂಜಿದ್ರ, ಬಿಳೀ ಬಣ್ಣಾ ಹೊಡದು ನೋಡೂಣು. ಆಗೂ ಏರಲಿಲ್ಲಂದ್ರ ಐತಾರ ದಲಾಲಿ ಬರ್ತಾನ, ಹೊಡಕೊಂಡು ಹೋಗ್ತಾನ."

ದಲಾಲಿಯ ಕೈ ಸೇರಿದ ಕುದುರೆಯ ಗತಿ ನನಗೆ ಗೊತ್ತು. ಇಟ್ಟಿಗೆ ಭಟ್ಟಿಯಲ್ಲಿ ಗಾಡಿ ಎಳೆದೆಳೆದು ಸಾಯುವುದು. ಬಣ್ಣದ ಕೆಲಸ ನಾನೇ ಮಾಡುತ್ತೇನೆ ಎಂದೆ.

ಬಣ್ಣ ಹಚ್ಚುವುದು ಸಮಾಧಾನದ ಕೆಲಸ ಎಂದು ಯಾರು ಹೇಳಿದರೋ, ಅವರು ತುಕ್ಕು ಕೆರೆದವರಲ್ಲ. ಉಬ್ಬಿದ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಒಳಗೆ ತಂದೆ. ಒಂದೊಂದು ಏಟಿಗೂ ಒಬ್ಬೊಬ್ಬರ ಮುಖ ನೆನೆಸಿಕೊಂಡೆ, ಕೆಲಸ ಬೇಗ ಸಾಗಿತು. ತಂತಿ ಬ್ರಷ್ ಹಿಡಿದು ಗೋಡೆ ಉಜ್ಜುವಾಗ ಬೆರಳ ಗೆಣ್ಣುಗಳ ಚರ್ಮ ಕಿತ್ತು ಬಂತು. ತುಕ್ಕು ತಡೆಯುವ ಕೆಂಪು ಆಕ್ಸೈಡ್ ಹಚ್ಚಿದಾಗ ಒಳಗೆಲ್ಲ ಕುರಿ ಕೊಯ್ದ ಹಾಗೆ ಕಾಣಿಸಿತು. ನಡುನಡುವೆ ಸೀನುತ್ತಿದ್ದೆ. ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಸೀನದವರು ಯಾರಿದ್ದಾರೆ? ಊರಿಗೆ ಊರೇ ಖಾರದ ಗಾಳಿ ಕುಡಿಯುತ್ತದೆ. ನಮ್ಮ ಮೂಗಿಗೆ ಮೆಣಸಿನಕಾಯಿ ಒಂದು ವಾಸನೆಯೇ ಅಲ್ಲ.

ಕೆಂಪಿನ ಮೇಲೆ ಬಿಳಿ ಬಳಿಯುವಾಗ ನನ್ನ ಹಳೆಯ ಗಾಯಗಳು ನೆನಪಾದವು. ಗಂಡ ಹೊಡೆದನೆಂದು ನಾನು ತವರಿಗೆ ಬಂದಾಗಲೆಲ್ಲ ಮನೆಯವರು ಮಾಡಿದ್ದು ಇದೇ. ಹೊಸ ಸೀರೆ ಉಡಿಸಿ, ಉಡಿ ತುಂಬಿ, ಹಾವೇರಿ ಬಸ್ಸು ಹತ್ತಿಸಿ ಬರುತ್ತಿದ್ದವನು ಅಣ್ಣನೇ. "ಹೊಂದಿಕೊಂಡು ಹೋಗಬೇಕವ್ವಾ," ಎನ್ನುತ್ತಿದ್ದ. ಕೊನೆಗೆ ನನ್ನ ಒಡೆದ ತುಟಿ ನೋಡಿ ಅಪ್ಪ ಇನ್ನು ಕಳಿಸುವುದಿಲ್ಲ ಎಂದ, ಅಲ್ಲಿಗೆ ಮುಗಿಯಿತು.

ಐತಾರ ಬೆಳಿಗ್ಗೆ ಟ್ರೇಲರ್ ಹಾಲಿನಲ್ಲಿ ಅದ್ದಿದಂತೆ ನಿಂತಿತ್ತು. ಕುದುರೆ ಬಾಗಿಲ ಹಲಗೆಯ ಮುಂದೆ ನಿಂತಿತು. ಅಷ್ಟೇ. ಒಂದು ಹೆಜ್ಜೆ ಮುಂದಿಡಲಿಲ್ಲ. ಅಣ್ಣ ಸೊಂಟದ ಬೆಲ್ಟ್ ಬಿಚ್ಚಿದ.

"ಹೊಡೀಬ್ಯಾಡ!" ಎಂದೆ.

ಹೊಡೆದ. ಬೆನ್ನಿಗೆ, ಕುತ್ತಿಗೆಗೆ, ಮೂಗಿನ ಮೇಲೂ. ಅದರ ಬಿಳಿ ಮೈಮೇಲೆ ಬರೆ ಎದ್ದವು. ಕೈಗೆ ಸಿಕ್ಕ ಬಣ್ಣದ ಡಬ್ಬಿ ಎತ್ತಿ ಅವನ ಬೆನ್ನಿಗೆ ಬೀಸಿದೆ. ಅವನು ತಿರುಗಿ ನನ್ನನ್ನು ನೂಕಿದ, ನಾನು ಗೋಡೆಗೆ ಹೋಗಿ ಬಿದ್ದೆ. ಆಮೇಲೆ ತಾನೇ ಟ್ರೇಲರ್ ಹತ್ತಿ ಒಳಗಿನಿಂದ ಕುದುರೆಯ ಹಗ್ಗ ಜಗ್ಗತೊಡಗಿದ. ಕುದುರೆ ಮುಂಗಾಲೆತ್ತಿತು. ಹಗ್ಗ ಅವನ ಅಂಗೈ ಸುಲಿದುಕೊಂಡು ಹೊರಬಂತು, ಅವನು ಒಳಗೆ ಅಂಗಾತ ಬಿದ್ದ.

ಎಲ್ಲಿಂದ ಬಂತೋ ಆ ಬಲ. ಬಾಗಿಲ ಹಲಗೆಗೆ ಎರಡೂ ಕೈ ಹಾಕಿ ಎತ್ತಿದೆ, ಅಗುಳಿ ಜಡಿದೆ.

"ನೀ ಇರು ಒಳಗ! ಇದ್ದು ನೋಡು!"

ಮೊದಲು ಬೈದ. ಆಮೇಲೆ ಬಾಗಿಲಿಗೆ ಒದ್ದ, ಹಲಗೆಗಳ ಮೇಲೆ ಧಪಧಪ ಕುಣಿದ. ಇಡೀ ಟ್ರೇಲರ್ ಅಲುಗಾಡಿತು. ಸ್ವಲ್ಪ ಹೊತ್ತಿಗೆ ಕೆಮ್ಮು ಶುರುವಾಯಿತು.

"ಬಾಗಲಾ ತಗೀ! ಕಣ್ಣ ಉರಿಯಾಕತ್ತಾವು! ಉಸರಾಡಾಕ ಆಗವಲ್ದು!"

ನಾಟಕ ಎಂದುಕೊಂಡು ಮುಂದಿನ ಕಿಂಡಿಯಿಂದ ಇಣುಕಿದೆ. ನಾನು ಬಳಿದ ಬಿಳಿ ಗೋಡೆಯ ಮೇಲೆ ನವುರಾದ ಕೆಂಪು ಧೂಳು ಕೂರುತ್ತಿತ್ತು. ಅವನು ಒದ್ದಂತೆಲ್ಲ ಹಲಗೆಗಳ ಸಂದಿನಿಂದ ಬುಸ್ಸೆಂದು ಮೇಲೇಳುತ್ತಿತ್ತು. ಮೆಣಸಿನಕಾಯಿ ಪುಡಿ. ಟ್ರೇಲರ್ ಸುಮ್ಮನೆ ನಿಂತಾಗ ಅದು ಕೆಳಗೇ ಮಲಗಿರುತ್ತಿತ್ತು. ರಸ್ತೆಯಲ್ಲಿ ಕುಲುಕಿದಾಗ ಎದ್ದು ಕುದುರೆಯ ಕಣ್ಣು ಮೂಗು ತುಂಬಿತ್ತು.

ಬಾಗಿಲು ತೆಗೆದೆ. ಅಣ್ಣ ಅಂಬೆಗಾಲಿಟ್ಟು ಹೊರಬಂದ. ಕಣ್ಣು ಊದಿದ್ದವು, ಮೂಗು ಬಾಯಿ ಎಲ್ಲ ಸೋರುತ್ತಿತ್ತು. ಕೊಡದ ನೀರು ಅವನ ಮುಖಕ್ಕೆ ಸುರಿದು ನೋಡಿದ್ದನ್ನು ಹೇಳಿದೆ.

"ಮದ್ಲ ಯಾಕ ಯಾರಿಗೂ ತಿಳೀಲಿಲ್ಲ?" ಎಂದ.

"ಅಕಿ ಹೇಳಿದ್ಲು. ಒದ್ದು ಒದ್ದು ಹೇಳಿದ್ಲು."

ಅಷ್ಟರಲ್ಲಿ ದಲಾಲಿ ಬಂದ. ಅಣ್ಣ ಒರೆಸಿಕೊಳ್ಳುತ್ತಲೇ, "ಕುದರಿ ಕೊಡಾಂಗಿಲ್ರಿ, ಹೋಗಿ ಬರ್ರಿ," ಎಂದು ಕಳಿಸಿದ. ಬಾಯಿಗೆ ಟವೆಲ್ ಸುತ್ತಿಕೊಂಡು ಹಾರೆ ತಂದು ಹಲಗೆಗಳನ್ನು ಎಬ್ಬಿಸತೊಡಗಿದ. ಕೆಳಗೆ ಪುಡಿ, ಬೀಜ, ತೊಟ್ಟು ಬೊಗಸೆ ಬೊಗಸೆ ಸಿಕ್ಕವು. ನಾನು ಬುಟ್ಟಿಗೆ ತುಂಬುತ್ತಿದ್ದೆ.

"ನೀನೂ ಹೇಳಿದ್ದಿ," ಎಂದ, ನನ್ನ ಕಡೆ ನೋಡದೆ.

"ಹೂಂ, ಹೇಳಿದ್ದೆ," ಎಂದೆ. "ಬಸ್ ಹತ್ತಿಸಿ ಬಂದಿ."

ಅವನು ಮುಂದಿನ ಹಲಗೆಗೆ ಹಾರೆ ಎತ್ತಿದ. ಅಂಗಳದ ಆ ತುದಿಯಲ್ಲಿ ನಾನು ಹಿಡಿದು ಕಟ್ಟಿದ್ದ ಕುದುರೆ ಅದನ್ನು ಕಂಡು ತಲೆ ತಪ್ಪಿಸಿ ಗೋಡೆಗೆ ಒತ್ತಿಕೊಂಡಿತು. ಅಣ್ಣ ಅದನ್ನು ನೋಡಿದ. ಹಾರೆಯನ್ನು ಸದ್ದಾಗದಂತೆ ನೆಲಕ್ಕಿಟ್ಟು, ಉಳಿದ ಹಲಗೆಗಳನ್ನು ಸುಲಿದ ಕೈಗಳಿಂದಲೇ ಕೀಳತೊಡಗಿದ.