ಗುರಲಿಂಗಪ್ಪನ ಸಾಣೆಕಲ್ಲು

ಜೋಗೇಶ್ವರಿಯ ದಾನಪ್ಪನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇಥ್ ಮುಂದೆ ನಿಂತ ಇಂಡಿ ಕಡೆಯ ಗುರಲಿಂಗಪ್ಪನದು ಒಂದೇ ಹಟ: ತನ್ನ ಕೈಯಿಂದ ಹೋಗುವ ಮಾಲು ಬೆಣ್ಣೆಯಂತೆ ನುಣುಪಾಗಿರಬೇಕು. ಎಲ್ಲಿ ಚೂರು ಉಬ್ಬು ಕಂಡರೂ ಸಾಣೆಕಲ್ಲು ಹಿಡಿದು ತಿಕ್ಕಿಯೇ ಬಿಡುವ ಆಸಾಮಿ. ಈಚೆಗೆ ದಾನಪ್ಪ, “ಕಾಕಾ, ಕಣ್ಣು ಮಂಜಾಗ್ಯಾವು, ಇನ್ನ ಆರಾಮ ಮಾಡ್ರಿ” ಅಂತ ಶುರು ಹಚ್ಚಿಕೊಂಡಿದ್ದ. ಅದನ್ನು ಕೇಳಿದ ದಿನ ಗುರಲಿಂಗಪ್ಪ ಮಾಲನ್ನು ಎರಡು ಪಟ್ಟು ತಿಕ್ಕುತ್ತಿದ್ದ.

ಅಷ್ಟರಲ್ಲಿ ಘಾಟ್ಕೋಪರಿನ ಯಕ್ಷಿತಾ ಬಂದಳು. ಉಡುಪಿ ಕಡೆಯವರ ಮಗಳು, ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು. ಎರಡು ವಜ್ರಗಳ ಮೊನೆಗಳ ನಡುವೆ ಗಂಧಕದ ಕಣ ಇಟ್ಟು, ಭೂಮಿಯ ಹೊಟ್ಟೆಯೊಳಗಿನಷ್ಟು ಒತ್ತಡ ಹಾಕುವುದು ಅವಳ ಕೆಲಸ. ಕಣ ಹೊರಗೆ ಸಿಡಿಯದಂತೆ ಉಕ್ಕಿನ ತಗಡು ಬೇಕು. ಆ ತಗಡಿನ ಮೇಲೆ ಅವಳು ವಜ್ರ ಒತ್ತಿ ಮೂಡಿಸಿದ ಕುಳಿಯ ನಟ್ಟನಡುವೆ ಕೂದಲೆಳೆ ತೂರುವಷ್ಟೇ ತೂತು ಬೇಕು. ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಬಿಗಿಹಿಡಿದು ಗುರಲಿಂಗಪ್ಪ ತೂತು ಕೊರೆದ. ಆಮೇಲೆ, ಅಯ್ಯೋ ಚಟವೇ! ಕುಳಿಯ ಸುತ್ತ ಉಬ್ಬಿದ್ದ ಅಂಚನ್ನೂ ತಿಕ್ಕಿ ನುಣ್ಣಗೆ ಮಾಡಿ ಕೊಟ್ಟ.

ವಾರ ಬಿಟ್ಟು ಅವಳು ಸಪ್ಪೆ ಮೋರೆ ಹೊತ್ತು ಬಂದಳು. “ಕಾಕಾ, ತೂತು ತೋ ಪರ್ಫೆಕ್ಟ್ ಉಂಟು. ಗಂಧಕ ಕೆಂಪಾಗುವಾಗಲೇ ತಗಡು ಜಾರಿತು. ವಜ್ರಕ್ಕೆ ಆಸರೆ ಕೊಡುವ ಅಂಚೇ ಇರ್ಲಿಲ್ಲ. ನಾನೇ ಸರಿಯಾಗಿ ಒತ್ತಲಿಲ್ಲ ಅಂತ ಲಗ್ತಾ ಹೈ.”

ದಾನಪ್ಪ ಅಲ್ಲೇ ನಿಂತಿದ್ದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗುರಲಿಂಗಪ್ಪ ಕೈಲಿದ್ದ ಸಾಣೆಕಲ್ಲು ಕೆಳಗಿಟ್ಟ.

“ಇಲ್ಲ ತಂಗಿ, ನಿಂದು ತಪ್ಪಿಲ್ಲ. ಅಂಚು ನಾನೇ ತಿಕ್ಕಿ ತಗದೀನಿ.”

ದಾನಪ್ಪ ಹಣೆ ಚಚ್ಚಿಕೊಂಡ. “ಇನ್ನೊಂದು ಕೆಟ್ರ ಊರ ಹಾದಿ ಹಿಡೀರಿ ಕಾಕಾ!” ಯಕ್ಷಿತಾ ಮಾತ್ರ ಇನ್ನೊಂದು ತಗಡು ತೆಗೆದು ಗುರಲಿಂಗಪ್ಪನ ಕೈಗೇ ಕೊಟ್ಟಳು.

ಈ ಸಲ ಗುರಲಿಂಗಪ್ಪ ತೂತು ಕೊರೆದು, ಅಂಚು ಮುಟ್ಟದೆ ಬಿಟ್ಟ; ಯಕ್ಷಿತಾ ಅವನನ್ನೂ ಲ್ಯಾಬಿಗೆ ಕರೆದೊಯ್ದಳು. ಒತ್ತಡ ಏರಿದಂತೆ ಸೂಕ್ಷ್ಮದರ್ಶಕದಲ್ಲಿ ಹಳದಿ ಗಂಧಕ ಕೆಂಪಾಯಿತು, ಕಪ್ಪಾಯಿತು. ತಗಡು ಜಾರಲಿಲ್ಲ. ಸಂಜೆ ಹೊತ್ತಿಗೆ ಆ ಗಂಧಕ ಬೆಳಗಿಟ್ಟ ಸ್ಟೀಲ್ ತಾಟಿನಂತೆ ಫಳಫಳ ಹೊಳೆಯಿತು! ಪರಮಾಣುಗಳ ಉಂಗುರಗಳು ಮುರಿದು ಒತ್ತೊತ್ತಾಗಿ ಕೂತಿವೆ, ಬಚ್ಚಿಟ್ಟುಕೊಂಡ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಟ್ಟಿವೆ, ಗಂಧಕ ಈಗ ಲೋಹ, ಕರೆಂಟು ಹರಿಯುತ್ತದೆ ಎಂದು ಅವಳು ವಿವರಿಸಿದಳು.

“ಗೊತ್ತಾತು ಬಿಡವಾ,” ಅಂದ ಗುರಲಿಂಗಪ್ಪ. “ಲೋಕಲ್ ರೈಲು ಖಾಲಿ ಇದ್ದಾಗ ಅವರವರ ಚೀಲ ಅವರವರ ತೊಡಿ ಮ್ಯಾಲ. ಗದ್ದಲಾತಂದ್ರ ಬಾಗಲದಾಗಿನ ಚೀಲ ಕೈಯಿಂದ ಕೈಗೆ ಹೋಗ್ತೈತಿ.”

ಯಕ್ಷಿತಾ ನಕ್ಕು, ಹತ್ತು ತಗಡುಗಳ ಡಬ್ಬಿ ಮುಂದಿಟ್ಟಳು. “ಇವು ಆಪ್ ಹೀ, ನೀವೇ ಮಾಡ್ಬೇಕು, ಕಾಕಾ.” ಮುದುಕನ ಕಣ್ಣು ತುಂಬಿ ಬಂದವು.

ಮರುದಿನ ವರ್ಕ್‌ಶಾಪಿಗೆ ಹೋದವನೇ ಸಾಣೆಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಕೀಲಿಕೈ ದಾನಪ್ಪನ ಕೈಗೆ ಕೊಟ್ಟ.

“ಹತ್ತೂ ತಗಡು ಮುಗಿಯೂತನಕ ನಾ ಕೈ ಮುಗದು ಬೇಡಿದ್ರೂ ಇದನ್ನ ಕೊಡಬ್ಯಾಡ್ರಿ.”