ಊಟಿ ರೈಲಿನಲ್ಲಿ ನಾನು ಹೇಳಿದ ಸುಳ್ಳು

ನಾನೂ ಒಂದು ಕಾಲಕ್ಕೆ ಚಿಕ್ಕವಳಿದ್ದೆ ಅಂದರೆ ನೀವು ಮೊಮ್ಮಕ್ಕಳೆಲ್ಲ ಕಿಸಕ್ಕನೆ ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬೇಗ ಮದುವೆ ಮಾಡಿ ಬೇಗ ಅಜ್ಜಿಯರನ್ನಾಗಿಯೂ ಮಾಡಿಬಿಟ್ಟರು, ಅದಕ್ಕೇ ನನ್ನ ತಲೆಯಲ್ಲಿ ಇನ್ನೂ ಕಪ್ಪು ಕೂದಲೇ ಹೆಚ್ಚು. ಇವತ್ತು ಹೇಳಹೊರಟಿರುವುದು ನನಗೆ ಒಂಬತ್ತು ವರ್ಷವಾಗಿದ್ದಾಗಿನ ಒಂದು ದಿನದ ಸಂಗತಿ. ಹೇಳುವುದಕ್ಕೆ ಖುಷಿಯೇನೂ ಇಲ್ಲ, ಆದರೂ ಹೇಳಬೇಕು.

ಆಗ ನಾವು ಗುಂಡ್ಲುಪೇಟೆಯಲ್ಲಿದ್ದೆವು. ಅಪ್ಪ ಟೈಲರ್. ಊಟಿಗೆ ಹೋಗುವ ರಸ್ತೆಯ ಪಕ್ಕದಲ್ಲೇ ನಮ್ಮ ಅಂಗಡಿ. ಬೇಸಿಗೆ ಬಂತೆಂದರೆ ಕಾರು, ಟೆಂಪೊ, ಬಸ್ಸು ಸಾಲುಗಟ್ಟಿ ಹೋಗುತ್ತಿದ್ದವು. ಟೀ ಕುಡಿಯಲು ಇಳಿದವರೆಲ್ಲ ಊಟಿಯ ಪುಟಾಣಿ ರೈಲಿನ ಮಾತೇ ಆಡುತ್ತಿದ್ದರು. ಅಷ್ಟು ಹತ್ತಿರದಲ್ಲಿದ್ದೂ ನಾವು ಮಾತ್ರ ಅದನ್ನು ಕಂಡಿರಲಿಲ್ಲ. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಮಾಡುತ್ತಾ, ಗುಂಡಿ ಹೊಲಿಯುತ್ತಾ ಅವರ ಮಾತಿಗೆ ಕಿವಿಗೊಡುತ್ತಿದ್ದಳು. ಒಂದೇ ಒಂದು ಸಲ ಆ ರೈಲಿನ ಕಿಟಕಿ ಪಕ್ಕ ಕೂರಬೇಕು ಅಂತ ಅವಳಿಗೆ ಬಲು ಆಸೆ. ಆ ಅಕ್ಕ ಯಾರು ಅಂತ ನಿಮಗೆ ಗೊತ್ತೇ ಇದೆ, ನಿಮ್ಮ ದೊಡ್ಡಜ್ಜಿ.

ಒಂದು ವರ್ಷ ಅಕ್ಕನಿಗೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗತೊಡಗಿತು. ಸಂಜೆಯಾದರೆ ಹೊಸ್ತಿಲು ಎಡವುತ್ತಿದ್ದಳು, ಪಕ್ಕದಲ್ಲಿಟ್ಟ ಚೊಂಬನ್ನು ಒದ್ದು ಉರುಳಿಸುತ್ತಿದ್ದಳು. ಅಮ್ಮ ಮೊದಮೊದಲು ಬೈದಳು. ಆಮೇಲೆ ಅಪ್ಪ ಅವಳನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಇದು ಕಣ್ಣಿನ ಒಳಗಿನ ಕಾಯಿಲೆ, ಕನ್ನಡಕದಿಂದಾಗಲಿ ಆಪರೇಷನ್ನಿನಿಂದಾಗಲಿ ಹೋಗುವುದಲ್ಲ, ಎರಡು ಮೂರು ವರ್ಷದಲ್ಲಿ ದೃಷ್ಟಿ ಪೂರ್ತಿ ಹೋಗಬಹುದು ಅಂತ ಡಾಕ್ಟರು ಅಪ್ಪನಿಗೆ ಹೇಳಿದರಂತೆ. ಅಕ್ಕ ಹೊರಗೆ ಬೆಂಚಿನ ಮೇಲಿದ್ದಳು. ಅವಳಿಗೆ ಏನೂ ಕೇಳಿಸಿಲ್ಲ ಅಂತ ಅಪ್ಪ ಅಂದುಕೊಂಡ. ಅವಳಿಗೆ ಎಲ್ಲ ಕೇಳಿಸಿತ್ತು.

ನಮ್ಮ ಕಡೆ ಕೆಲವು ಮಾತುಗಳನ್ನು ಬಾಯಿಬಿಟ್ಟು ಆಡುವ ಹಾಗಿಲ್ಲ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು. ಹೊರಡುವಾಗ ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ಮೈಸೂರಿನಿಂದ ಬಂದ ದಿನ ಅಪ್ಪ ಆ ಪಟ್ಟಿಗೆ ಇನ್ನೊಂದು ಮಾತು ಸೇರಿಸಿದ. ಇನ್ನು ಮುಂದೆ ಈ ಮನೆಯಲ್ಲಿ ಯಾರೂ ‘ಕಾಣಲ್ಲ’ ಅನ್ನಕೂಡದು. ಆಡಿದ ಮಾತೇ ನಿಜವಾಗಿಬಿಡುತ್ತದೆ ಅಂತ ಅವನ ಹೆದರಿಕೆ. ನಾನೊಂದು ಸಲ ಮರೆತು, ಬಾಚಣಿಗೆ ಎಲ್ಲೂ ಕಾಣಲ್ಲ ಅಂದುಬಿಟ್ಟೆ. ಎಂದೂ ಕೈ ಎತ್ತದ ಅಪ್ಪ ಅವತ್ತು ಬೆನ್ನಿಗೆ ಒಂದು ಕೊಟ್ಟ. ಆಮೇಲೆ ಆ ಪದ ನನ್ನ ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದೆ.

ಕಣ್ಣು ಇರುವಾಗಲೇ ಅವಳು ಆ ರೈಲನ್ನು ನೋಡಲಿ ಅಂತ ಅಪ್ಪ ತೀರ್ಮಾನ ಮಾಡಿದ. ಆದರೆ ಟೈಲರಿಗೆ ಬಿಡುವು ಯಾವಾಗ ಹೇಳಿ? ಮದುವೆ ಮುಂಜಿ ಇಲ್ಲದ ಆಷಾಢದಲ್ಲಿ. ಬೇಸಿಗೆ ಪೂರ್ತಿ ಮದುವೆ ಬಟ್ಟೆಯ ರಾಶಿ, ಮಿಷನ್ನಿನಿಂದ ಕಾಲು ತೆಗೆಯುವ ಹಾಗಿರಲಿಲ್ಲ. ಆಷಾಢದಲ್ಲಿ ಊಟಿ ಬೆಟ್ಟ ಹೇಗಿರುತ್ತದೆ ಅಂತ ಯಾರನ್ನಾದರೂ ಕೇಳಬಹುದಿತ್ತು. ಅಪ್ಪ ಕೇಳಲಿಲ್ಲ. ಅಂಗಡಿಗೆ ಬೀಗ ಹಾಕಿ ಬೆಳಗಿನ ಮೊದಲ ಬಸ್ಸಿಗೆ ನಮ್ಮಿಬ್ಬರನ್ನೂ ಹತ್ತಿಸಿದ. ಅಮ್ಮನಿಗೆ ಬಸ್ಸಿನ ವಾಸನೆಗೇ ವಾಂತಿ, ಅವಳು ಬರಲಿಲ್ಲ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟು, ಅಕ್ಕನ ಜಡೆಗೆ ಕನಕಾಂಬರ ಮುಡಿಸಿ ಬಾಗಿಲಲ್ಲಿ ನಿಂತಳು.

ಬಂಡೀಪುರದ ಕಾಡಿನಲ್ಲಿ ಅಕ್ಕ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಘಾಟಿ ಶುರುವಾದದ್ದೇ ತಲೆ ಸುತ್ತಿ, ಶಾಲು ಮುಸುಕು ಹಾಕಿಕೊಂಡು ಅಪ್ಪನ ಹೆಗಲಿಗೆ ಒರಗಿಬಿಟ್ಟಳು. ಊಟಿಯಲ್ಲಿ ಇಳಿದಾಗ ಜಿನುಗು ಮಳೆ. ಒಂದೇ ಕೊಡೆಯ ಕೆಳಗೆ ಮೂವರೂ ಮುದುಡಿಕೊಂಡು, ನೆಲ ನೋಡಿಕೊಂಡು ಸ್ಟೇಷನ್ನಿಗೆ ನಡೆದೆವು. ನೀಲಿ ಬಣ್ಣದ ಪುಟ್ಟ ರೈಲು ನಿಂತಿತ್ತು. ಅಕ್ಕ ಅದನ್ನು ಮುಟ್ಟಿ ಮುಟ್ಟಿ ನೋಡಿದಳು. ಮಳೆಗಾಲವಾದ್ದರಿಂದ ನಮ್ಮ ಡಬ್ಬಿಯಲ್ಲಿ ಜನವೇ ಇರಲಿಲ್ಲ. ಉತ್ತರದ ಕಡೆಯ ಒಂದು ಹೊಸ ಜೋಡಿ ಎದುರಿಗೆ ಕೂತಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತಿದ್ದರು, ಅವರಿಗೆ ಕಿಟಕಿ ಇದ್ದರೇನು ಬಿಟ್ಟರೇನು.

ಅಕ್ಕನಿಗೆ ಕಿಟಕಿ, ಅವಳ ಪಕ್ಕ ನಾನು, ನನ್ನ ಪಕ್ಕ ಅಪ್ಪ. ರೈಲು ಕೂಗಿ ಹೊರಟಿತು. ಸ್ವಲ್ಪ ಹೊತ್ತಿಗೆ ಒಂದು ಸುರಂಗ ಬಂತು. ಒಳಗೆ ಗಕ್ಕನೆ ಕತ್ತಲು, ಹೊಗೆಯ ವಾಸನೆ, ಕಬ್ಬಿಣದ ಸದ್ದು. ಹೊಸ ಜೋಡಿ ಹೋ ಅಂತ ಕೂಗಿತು. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸುರಂಗ ದಾಟಿ ಬೆಳಕಿಗೆ ಬಂದರೆ ಹೊರಗೆಲ್ಲ ಬೆಳ್ಳಗೆ. ಬೆಟ್ಟವಿಲ್ಲ, ಕಣಿವೆಯಿಲ್ಲ, ಒಂದು ಮರವಿಲ್ಲ. ಗಾಜಿಗೆ ಹಾಲು ಬಳಿದ ಹಾಗೆ ಮಂಜು.

ಅಕ್ಕ ಕಣ್ಣುಜ್ಜಿಕೊಂಡಳು. ತನ್ನ ಅಂಗೈ ನೋಡಿಕೊಂಡಳು, ಮತ್ತೆ ಹೊರಗೆ ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, “ನಿಂಗೇನ್ ಕಾಣ್ತದಮ್ಮಿ?” ಅಂದಳು.

ಏನೂ ಕಾಣಲ್ಲ ಅಂತ ನಾಲಿಗೆಯ ತುದಿಗೆ ಬಂತು. ಅಪ್ಪನ ಮುಖ ನೋಡಿದೆ. ಅಪ್ಪ ಕಣ್ಣಲ್ಲೇ ಬೇಡ ಅಂದ. ಪದವನ್ನು ನುಂಗಿಕೊಂಡೆ. ಸುಮ್ಮನೆ ಕೂರಬಹುದಿತ್ತಲ್ಲ, ದರಿದ್ರ ಬಾಯಿ ಕೇಳಬೇಕಲ್ಲ! ದೊಡ್ಡ ಬೆಟ್ಟ ಕಾಣ್ತದೆ ಅಂದೆ. ಟೀ ತೋಟ ಕಾಣ್ತದೆ, ಕೆಂಪು ಹೆಂಚಿನ ಮನೆ ಕಾಣ್ತದೆ ಅಂದೆ. ಅಂಗಡಿಗೆ ಬಂದವರ ಬಾಯಲ್ಲಿ ಕೇಳಿದ್ದನ್ನೆಲ್ಲ ಒಂದೊಂದಾಗಿ ಕಿಟಕಿಯ ಹೊರಗೆ ಜೋಡಿಸಿದೆ. ಅಪ್ಪ ನನ್ನ ತಲೆ ಸವರಿ, “ಊ ಕಣವ್ವ, ಎಷ್ಟ್ ಚೆಂದಾಗದೆ” ಅಂದ. ಅಪ್ಪನೇ ಮೆಚ್ಚಿದ ಮೇಲೆ ಕೇಳಬೇಕೆ? ಒಂದು ಜಲಪಾತವನ್ನೂ ಒಂದು ಬಿಳಿ ಕುದುರೆಯನ್ನೂ ಸೇರಿಸಿದೆ.

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು. ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. ಕೂನೂರಿನಲ್ಲೂ ಅದೇ ಮಂಜು, ಇಳಿದಾಗ ನನ್ನ ಹೆಗಲು ಹಿಡಿದು, ಕಾಲಿನಿಂದ ನೆಲ ತಡವಿ ತಡವಿ ನಡೆದಳು. ಅವಳಿಗೆ ಚಳಿ ಅಂದುಕೊಂಡು ಅಪ್ಪ ಬಿಸಿ ಟೀ ತಂದುಕೊಟ್ಟ. ಲೋಟ ಅವಳ ಕೈಯಲ್ಲೇ ತಣ್ಣಗಾಯಿತು. ರೊಟ್ಟಿಯ ಗಂಟು ಬಿಚ್ಚಿದರೆ ಒಂದು ತುತ್ತೂ ತಿನ್ನಲಿಲ್ಲ. ನಾನು ಅವಳ ಪಾಲನ್ನೂ ಸೇರಿಸಿ ತಿಂದೆ.

ವಾಪಸ್ಸು ಹೊರಟಾಗ ಅವಳು ಕಿಟಕಿಯ ಜಾಗವನ್ನು ನನಗೆ ಬಿಟ್ಟುಕೊಟ್ಟಳು. “ನೀನೇ ಕೂತ್ಕ ಬುಡು. ನಂಗ್ಯಾಕೆ?” ಅಂದಳು. ನಾನು ಪೆದ್ದಿ, ಖುಷಿಯಿಂದ ಕೂತೆ. ಅಕ್ಕ ಮೊಣಕಾಲಿನ ಮೇಲೆ ಮುಖ ಇಟ್ಟುಕೊಂಡಳು. ಅಪ್ಪ ತೂಕಡಿಸತೊಡಗಿದ.

ಅರ್ಧ ದಾರಿಯಲ್ಲಿ ಮಂಜು ಸರಿಯಿತು. ಒಂದು ಮಗ್ಗುಲಿನಿಂದ ಬಿಸಿಲು ಬಿತ್ತು. ಕೆಳಗೆ ಅಷ್ಟಗಲದ ಕಣಿವೆ, ಮೆಟ್ಟಿಲು ಮೆಟ್ಟಿಲಾಗಿ ಹಸಿರು ಹೊಲ, ಅಲ್ಲಲ್ಲಿ ಬಣ್ಣದ ಮನೆಗಳು, ಅದರಾಚೆ ನೀಲಿ ಬೆಟ್ಟಗಳ ಸಾಲು. ನಾನು ಸುಳ್ಳು ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಹತ್ತು ನಿಮಿಷ ಇದ್ದಿರಬೇಕು. ಅಕ್ಕ ನೋಡೇ ಅಂತ ಕೂಗಲು ಬಾಯಿ ತೆರೆದೆ. ಈಗ ಕಂಡಿತು ಅಂದರೆ ಆಗ ಕಂಡಿರಲಿಲ್ಲ ಅಂತ ಗೊತ್ತಾಗಿ ಸಿಕ್ಕಿಬೀಳುತ್ತೇನಲ್ಲ ಅಂತ ಭಯವಾಯಿತು. ಬಾಯಿ ಮುಚ್ಚಿಕೊಂಡು ನಾನೊಬ್ಬಳೇ ನೋಡಿದೆ. ಮಂಜು ಮತ್ತೆ ಮುಚ್ಚಿಕೊಂಡಿತು. ಅಕ್ಕ ತಲೆ ಎತ್ತಲೇ ಇಲ್ಲ.

ಮಧ್ಯಾಹ್ನದ ಬಸ್ಸಿಗೆ ಊರ ಕಡೆ ಹೊರಟೆವು. ಘಾಟಿ ಇಳಿದು ಬಂಡೀಪುರಕ್ಕೆ ಬರುವಾಗ ಇಳಿಬಿಸಿಲು. ಕಣ್ಣು ಮುಚ್ಚಿ ಕೂತಿದ್ದ ಅಕ್ಕ, ಬಸ್ಸು ಬ್ರೇಕ್ ಹಾಕಿದ ಹೊಡೆತಕ್ಕೆ ಕಣ್ಣು ಬಿಟ್ಟು ಹೊರಗೆ ನೋಡಿದಳು. ದೂರದಲ್ಲಿ ಮರದ ಕೆಳಗೆ ಜಿಂಕೆಗಳು ಮೇಯುತ್ತಿದ್ದವು. ಅಕ್ಕ ಅವನ್ನು ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ, ಅಲ್ಲಿ ಮಂಜಿತ್ತಾ ಅಂತ ಕೇಳಿದಳು. ನಾನು ಹೌದು ಅಂತ ತಲೆ ಆಡಿಸಿದೆ.

“ಯಾಕಮ್ಮಿ ಸುಳ್ಳೇಳ್ದೆ? ಅಂಗೈ ಬುಟ್ರೆ ಆಚೆದೆಲ್ಲ ಬೆಳ್ಳಗೆ, ಆ ಕತ್ಲೇಲಿ ನನ್ ಕಣ್ಣು ಓಗ್ಬುಡ್ತು ಅನ್ಕಂಡಿದ್ನಲ್ಲಾ. ಬೆಳಗ್ಗಿಂದ ನಾನು ಕುರುಡಿ ಆಗಿದ್ದೆ ಕಣಮ್ಮಿ” ಅಂದಳು.

ಯಾರೂ ಆಡಬಾರದು ಅಂತ ಅಪ್ಪ ಕಾಪಾಡಿಕೊಂಡು ಬಂದ ಮಾತಿಗಿಂತ ದೊಡ್ಡ ಮಾತನ್ನು ಅವಳೇ ಆಡಿದ್ದಳು. ಅಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನಂದೇ ತಪ್ಪು ಕಣವ್ವ, ಅವಳನ್ನ ಬೈಬೇಡ ಅಂದ. ಅಕ್ಕ ಬೈಯಲಿಲ್ಲ. ಕಾಣಲ್ಲ ಅಂದರೆ ಕಾಣಲ್ಲ ಅಂತ ಹೇಳಿ, ನಾನು ತಡೆದುಕೊಳ್ಳುತ್ತೇನೆ ಅಂದಳು ಅಷ್ಟೆ. ಸ್ವಲ್ಪ ದೂರ ಹೋದ ಮೇಲೆ, “ಬರುವಾಗ್ಲೂ ಅಂಗೇ ಇತ್ತಾ?” ಅಂತ ಕೇಳಿದಳು. ನಾನು ಹ್ಞೂ ಅಂದೆ. ಅವಳಿಗೆ ಸಮಾಧಾನವಾದ ಹಾಗೆ ಕಂಡಿತು.

ಬೇಸಿಗೆಯಲ್ಲಿ ಇನ್ನೊಂದು ಸಲ ಹೋಗನ ಅಂತ ಅಪ್ಪ ಮಾತು ಕೊಟ್ಟ. ಬೇಸಿಗೆ ಬಂತು, ಮದುವೆ ಬಟ್ಟೆಗಳೂ ಬಂದವು. ಅದರ ಮುಂದಿನ ಬೇಸಿಗೆಯೂ ಹಾಗೇ ಹೋಯಿತು. ಮೂರನೆಯ ಬೇಸಿಗೆಯಲ್ಲಿ ಅಪ್ಪ ಹೊರಡೋಣ ಅಂದಾಗ, ಗೋಡೆ ತಡವಿಕೊಂಡು ಬಂದು, ಈಗ ಬೇಡ ಬುಡಪ್ಪ ಅಂದಳು ಅಕ್ಕ.

ಕಳೆದ ದಸರಾ ರಜೆಯಲ್ಲಿ ನೀವು ನಿಮ್ಮ ಅಪ್ಪ ಅಮ್ಮನ ಜೊತೆ ಅದೇ ರೈಲು ಹತ್ತಿದಿರಿ. ಡಬ್ಬಿಯೊಳಗಿಂದಲೇ ಫೋನು ಮಾಡಿ, ದೊಡ್ಡಜ್ಜಿ, ಬರೀ ಮಂಜು, ಏನೂ ಕಾಣ್ತಿಲ್ಲ ಅಂತ ಕಿರುಚಿದಿರಿ. ಅಂಗಾರೆ ನಾನ್ ನೋಡಿದ್ನೇ ನೀವೂ ನೋಡ್ತಾ ಇದೀರಿ ಅಂತ ಅವಳು ನಕ್ಕಳು. ಪಕ್ಕದಲ್ಲಿ ಕೂತಿದ್ದ ನನಗೆ ನಗಲು ಆಗಲಿಲ್ಲ. ಆ ದಿನ ಅಲ್ಲಿ ಮಂಜು ಬಿಟ್ಟರೆ ಬೇರೇನೂ ಇರಲೇ ಇಲ್ಲ ಅಂತ ಅವಳು ಇವತ್ತಿಗೂ ನಂಬಿಕೊಂಡಿದ್ದಾಳೆ.

ನಮ್ಮ ಕಾಲದಲ್ಲಿ ಪ್ರೀತಿ ಇದ್ದಲ್ಲೆಲ್ಲ ಒಂದು ಆಡಬಾರದ ಮಾತು ಇರುತ್ತಿತ್ತು. ನೀವು ಹಾಗಲ್ಲ. ಕಂಡರೆ ಕಂಡಿತು, ಕಾಣದಿದ್ದರೆ ಕಾಣಲಿಲ್ಲ ಅಂತ ಫಟ್ಟನೆ ಹೇಳಿಬಿಡುತ್ತೀರಿ. ನಿಮ್ಮ ಬಾಯಿಗೆ ನಾನೇ ಎಷ್ಟೋ ಸಲ ಗದರಿದ್ದೇನೆ, ಈಗ ಅದೇ ಬಾಯಿ ನನಗೆ ಬೇಕಾಗಿದೆ. ಈ ಕಾಗದವನ್ನು ತೆಗೆದುಕೊಂಡು ಹೋಗಿ ದೊಡ್ಡಜ್ಜಿಗೆ ಓದಿ ಹೇಳಿ. ನಾನು ಹೇಳೋಣವೆಂದು ಎಷ್ಟೋ ಸಲ ಅವಳ ಹತ್ತಿರ ಹೋಗಿ ಕೂತು ಎದ್ದು ಬಂದಿದ್ದೇನೆ. ಆ ಹತ್ತು ನಿಮಿಷದ ಬಿಸಿಲಿನ ಭಾಗ ಬಂದಾಗ ಬಿಟ್ಟು ಓದಬೇಡಿ. ನಾನು ಅಡುಗೆಮನೆಯಲ್ಲಿರುತ್ತೇನೆ.