ಎಣಿಸದೆ ಬರೆದ ಮುನ್ನೂರ ಹನ್ನೆರಡು

ಬೆಳಗಿನ ಐದೂವರೆ. ಶಿರಸಿಯ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಾಲಿನ ಕ್ಯಾನುಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಟೈಪಿಂಗ್ ಅಂಗಡಿಯೊಂದರ ಅರ್ಧ ಎತ್ತಿದ ಶಟರಿನ ಕೆಳಗೆ ತಲೆ ಬಗ್ಗಿಸಿ ಒಳಹೊಕ್ಕರೆ ಐವತ್ತೊಂದು ವರ್ಷದ ಅಮೀರುನ್ನಿಸಾ ಮೋಡೆಮ್ಮಿನ ಕಿರುಗುಟ್ಟುವಿಕೆ ಮುಗಿಯಲಿ ಎಂದು ಕಾಯುತ್ತ ಕುಳಿತಿದ್ದಾರೆ. ಈ ಹೊತ್ತಿನಲ್ಲಿ ಫೋನ್ ಲೈನು ಹಗುರ. ಏಳು ದಾಟಿದರೆ ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ತಣ್ಣಗಾಗುತ್ತದೆ. ಊರಿಗೆ ಬ್ರಾಡ್‌ಬ್ಯಾಂಡ್ ಬರುತ್ತದೆ ಎಂದು ಹೇಳುವವರು ಹೇಳುತ್ತಲೇ ಇದ್ದಾರೆ.

ಯಲ್ಲಾಪುರದ ಎಂ.ಎ. ವಿದ್ಯಾರ್ಥಿಯೊಬ್ಬನಿಗೆ ಜೇನುಸಾಕಣೆಯ ಬಗ್ಗೆ ಆರು ಪುಟ ಬೇಕಿದೆ. ಒಂದೊಂದೇ ಪುಟ ಮುದ್ರಣವಾಗಿ ಹೊರಬಂದಂತೆ ಅಮೀರುನ್ನಿಸಾ ಅದರ ಬುಡದಲ್ಲಿ ಪೆನ್ಸಿಲಿನಿಂದ ವಿಳಾಸ, ತಾರೀಖು, ಬರೆದವರ ಹೆಸರು ಗೀಚುತ್ತಾರೆ. ಬರೆದವರ ಹೆಸರು ಎಲ್ಲೂ ಕಾಣದಿದ್ದರೆ 'ಗೊತ್ತಿಲ್ಲ' ಎಂದೇ ಬರೆಯುತ್ತಾರೆ. ಆರರಲ್ಲಿ ನಾಲ್ಕಕ್ಕೆ ಗೊತ್ತಿಲ್ಲ. "ನಾಳೆ ಈ ಪುಟ ಅಲ್ಲೇ ಇರ್ತದೆ ಅಂತ ಏನು ಖಾತ್ರಿ? ನಾವು ನೋಡಿದ ದಿನ ಆದ್ರೂ ಬರೆದಿಟ್ಕೊಂಡಿರಬೇಕು," ಎನ್ನುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಯಾರಾದರೂ ಎಂ.ಫಿಲ್., ಪಿಎಚ್‌.ಡಿ. ಮಾಡಿದ್ದರೆ ಅವರ ಪ್ರಬಂಧ ಈ ಹತ್ತಡಿಯ ಅಂಗಡಿಯನ್ನು ಹಾದುಹೋಗಿರುವ ಸಂಭವ ಹೆಚ್ಚು. ಎಷ್ಟು ಪ್ರಬಂಧ, ದಿನಕ್ಕೆ ಎಷ್ಟು ಪುಟ ಎಂದು ಕೇಳಿ ಪೆನ್ನು ತೆರೆದೆ. ಇಂಥ ಲೇಖನಕ್ಕೆ ಅಂಕಿ ಇಲ್ಲದಿದ್ದರೆ ನಮ್ಮ ಸಂಪಾದಕರಿಗೆ ಸಮಾಧಾನವಿಲ್ಲ. ಅಮೀರುನ್ನಿಸಾ ನನ್ನನ್ನೇ ನೋಡಿದರು. "ನಾನು ಎಣಿಸಿಲ್ಲ. ನೀವೂ ಎಣಿಸಿಲ್ಲ. ನಾನು ನಲವತ್ತು ಪುಟ ಅಂದ್ರೆ ನೀವು ನಲವತ್ತು ಅಂತ ಹಾಕ್ತೀರಿ, ಓದಿದವರು ನಂಬ್ತಾರೆ. ಬೇಡ. ಬೆಳಗ್ಗೆ ಕೂತ್ರೆ ಮಧ್ಯಾಹ್ನದ ನಮಾಜಿನವರೆಗೂ ಏಳೋದಿಲ್ಲ ಅಂತ ಬರೀರಿ. ಅದು ನೀವೇ ನೋಡ್ಬಹುದು." ಎರಡು ದಿನ ಕುಳಿತು ನೋಡಿದೆ. ಹೌದು, ಏಳುವುದಿಲ್ಲ.

ಅಂಕಿಯ ಮೇಲೆ ಇಷ್ಟೇಕೆ ಸಿಟ್ಟು ಎಂದು ಆಗ ನನಗೆ ತಿಳಿದಿರಲಿಲ್ಲ.

ಅವರ ತಂದೆ ಲಾರಿ ಬುಕಿಂಗ್ ಆಫೀಸಿನಲ್ಲಿದ್ದರು. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಮಗಳನ್ನು ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ೧೯೭೭ರಿಂದ ಜಾಬ್ ಟೈಪಿಂಗ್. ಒಮ್ಮೆಗೆ ಐದು ಪ್ರತಿ, ನಡುವೆ ನಾಲ್ಕು ಕಾರ್ಬನ್. ಒಂದಕ್ಷರ ತಪ್ಪಿದರೆ ಐದು ಹಾಳೆಯಲ್ಲೂ ಉಜ್ಜಬೇಕು. ಎಲ್ಲಕ್ಕಿಂತ ಕಷ್ಟದ್ದು ಅಡಿಟಿಪ್ಪಣಿ. ಪುಟದ ಕೊನೆಯಲ್ಲಿ ಅದಕ್ಕೆಷ್ಟು ಸಾಲು ಬೇಕೆಂದು ಪುಟ ಶುರುಮಾಡುವ ಮೊದಲೇ ಅಳೆದಿಡಬೇಕಿತ್ತು. ಎಷ್ಟೋ ಬೆರಳಚ್ಚುಗಾರರು ಅಡಿಟಿಪ್ಪಣಿಗಳನ್ನೆಲ್ಲ ಅಧ್ಯಾಯದ ಕೊನೆಗೆ ತಳ್ಳಿ ಕೈತೊಳೆದುಕೊಳ್ಳುತ್ತಿದ್ದರಂತೆ. ಇವರು ತಳ್ಳಲಿಲ್ಲ. "ಮೇಲೆ ದೊಡ್ಡ ಮಾತು ಹೇಳಿರ್ತಾರೆ. ಅದು ಎಲ್ಲಿಂದ ಬಂತು ಅಂತ ಅಲ್ಲೇ ಕೆಳಗೆ ಕಾಣಬೇಕಪ್ಪ," ಎಂಬುದು ಅವರ ಪಟ್ಟು.

ಹೀಗೆ ಟೈಪ್ ಮಾಡುತ್ತ ಮಾಡುತ್ತ ಅವರೊಂದು ಕ್ರಮ ಮಾಡಿಕೊಂಡರು. ಹಸ್ತಪ್ರತಿ ತಂದವರ ಎದುರಿಗೇ ಓದುತ್ತಾರೆ. ಒಂದು ಸಂಗತಿ ಬಂದಾಗ ಬೆರಳಿಟ್ಟು ಕೇಳುತ್ತಾರೆ: ಇದು ನೀವು ನೋಡಿದ್ದಾ, ಕೇಳಿದ್ದಾ, ಓದಿದ್ದಾ? ಉತ್ತರವಿಲ್ಲದಿದ್ದರೆ ಆ ಸಾಲನ್ನು ಟೈಪ್ ಮಾಡುವುದಿಲ್ಲ, ಅಷ್ಟು ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ಖಾಲಿ ಜಾಗ ನೋಡಿ ರೇಗಿದ ಉಪನ್ಯಾಸಕರಿದ್ದಾರೆ. "ನೀನು ಟೈಪಿಸ್ಟೋ ನನ್ನ ಗೈಡೋ" ಎಂದು ಹಸ್ತಪ್ರತಿ ಕಸಿದುಕೊಂಡು ಹೋದವರೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಮತ್ತೆ ಬಂದಿದ್ದಾರೆ ಎನ್ನುವಾಗ ಮುಖದಲ್ಲಿ ಸಣ್ಣ ನಗೆಯೊಂದು ಬಂದು ಹೋಗುತ್ತದೆ.

ಕಂಪ್ಯೂಟರ್ ಬಂದದ್ದು ತೊಂಬತ್ತೈದರಲ್ಲಿ, ಇಂಟರ್‌ನೆಟ್ ತೊಂಬತ್ತೊಂಬತ್ತರಲ್ಲಿ. ವೆಬ್ ಬೆಳೆದ ಬಗೆಯನ್ನು ಅವರು ಹೇಳುವ ರೀತಿ ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿದೆ. "ಮೊದ್ಲು ಅದು ಕಾಲೇಜಿನ ನೋಟಿಸ್ ಬೋರ್ಡ್ ಇದ್ದಾಂಗೆ. ಹಚ್ಚೋರು ಕೆಲವೇ ಜನ, ನಾವೆಲ್ಲ ನಿಂತು ಓದೋರು. ಆಮೇಲೆ ಯಾರು ಬೇಕಾದ್ರೂ ಪುಕ್ಕಟೆ ಒಂದು ಪುಟ ಮಾಡ್ಬಹುದು ಅಂತಾಯ್ತು. ಈಗ ಅದು ಕ್ಲಾಸಿನ ಕರಿಹಲಗೆ. ನೀವು ಬರೆದಿದ್ದನ್ನ ನಾನು ಒರೆಸ್ಬಹುದು, ನಾನು ಬರೆದಿದ್ದಕ್ಕೆ ಇನ್ನೊಬ್ಬರು ಸೇರಿಸ್ಬಹುದು. ಒಳ್ಳೇದೇ. ಆದ್ರೆ ಬರೆದವರು ಯಾರು ಅಂತ ಕೇಳೋದು ಬಿಡಬಾರ್ದು."

ಆ ಪುಕ್ಕಟೆ ಪುಟದ ಕಾಲದಲ್ಲಿ, ಅಂದರೆ ಎರಡು ಸಾವಿರದಲ್ಲಿ, ಅಮೀರುನ್ನಿಸಾ ಕೂಡ ಒಂದು ಪುಟ ಮಾಡಿದರು. ವಿಷಯ ಸಂಕ. ಹಳ್ಳ ದಾಟಲು ಮರದ ದಿಮ್ಮಿ, ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ಊರವರೇ ಕಟ್ಟಿಕೊಳ್ಳುವ ಕಾಲುಸೇತುವೆಗೆ ಇಲ್ಲಿ ಸಂಕ ಎನ್ನುತ್ತಾರೆ. ಒಂದು ಫೋಟೋ, ಇಂಗ್ಲಿಷಿನಲ್ಲಿ ಎಂಟು ಸಾಲು. ಬರೆದು ನೋಡಿದರೆ ಏನೋ ಬೋಳು ಬೋಳು. ಅಂಕಿಯೊಂದಿದ್ದರೆ ತೂಕ ಬರುತ್ತದೆ ಅನ್ನಿಸಿತು. ಟಪಾಲು ಕೊಡಲು ಬಂದ ಗೋವಿಂದ ಹೆಗಡೆಯವರನ್ನು ಕೇಳಿದರು: ಮೂರು ತಾಲೂಕು ಸೇರಿ ಎಷ್ಟು ಸಂಕ ಇರಬಹುದು? ಸೈಕಲ್ ಹೊತ್ತು ಸಂಕ ದಾಟಿಯೇ ತಲೆ ನರೆತ ಪೋಸ್ಟ್‌ಮನ್ ಅವರು. "ಎಂತ ಇಲ್ಲೆ ಅಂದ್ರೂ ಮುನ್ನೂರು ಇಕ್ಕು ಅಮೀರಕ್ಕಾ," ಎಂದು ಹೇಳಿ ಹೋದರು.

"ಮುನ್ನೂರು ಅಂತ ಬರೆದ್ರೆ ಅಂದಾಜು ಅಂತ ಗೊತ್ತಾಗ್ತದಲ್ಲ. ಅದಕ್ಕೆ ಮುನ್ನೂರ ಹನ್ನೆರಡು ಅಂತ ಹಾಕಿದೆ. ಎಣಿಸಿದಾಂಗೆ ಕಾಣ್ಲಿ ಅಂತ," ಎನ್ನುತ್ತಾರೆ ಅಮೀರುನ್ನಿಸಾ. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ. ಕೀಬೋರ್ಡಿನ ಧೂಳು ಒರೆಸುತ್ತಿದ್ದರು. ಊರಿನವರನ್ನೆಲ್ಲ ಆಧಾರ ಕೇಳುವ ಹೆಂಗಸು ತನ್ನದೊಂದು ಸಾಲಿಗೆ ಅದನ್ನು ಕೇಳಿಕೊಂಡಿರಲಿಲ್ಲ. ಎರಡು ವರ್ಷದ ನಂತರ ವೆಬ್ಬಿನಲ್ಲಿ ಪುಕ್ಕಟೆ ಜಾಗ ಕೊಟ್ಟ ಕಂಪನಿ ಬಾಗಿಲು ಮುಚ್ಚಿತು, ಪುಟ ಹೋಯಿತು. ಅವರೂ ಮರೆತರು.

ಕಳೆದ ವರ್ಷ, ೨೦೦೬ರ ಮಾರ್ಚಿನಲ್ಲಿ, ಸಿದ್ದಾಪುರದ ಮನ್ಮನೆ ಕಡೆಯ ನಮಿತಾ ತನ್ನ ಎಂ.ಫಿಲ್. ಪ್ರಬಂಧದ ಮೂರನೇ ಅಧ್ಯಾಯ ತಂದಳು. ವಿಷಯ ಸಂಕಗಳೇ. ಒಂದೂವರೆ ವರ್ಷ ಬಸ್ಸು, ಬೈಕು ಹಿಡಿದು, ಉಳಿದದ್ದನ್ನು ಕಾಲ್ನಡಿಗೆಯಲ್ಲಿ ತಿರುಗಿ ಮೂರೂ ತಾಲೂಕಿನ ಸಂಕಗಳನ್ನು ಎಣಿಸಿದ್ದಳು. ನೂರ ಎಂಬತ್ತೇಳು. ಅಧ್ಯಾಯದ ಮುಖ್ಯ ಮಾತು ಇದು: ಎರಡು ಸಾವಿರದ ಇಸವಿಯಲ್ಲಿ ಮುನ್ನೂರ ಹನ್ನೆರಡು ಇದ್ದವು, ಈಗ ನೂರ ಎಂಬತ್ತೇಳು, ಆರೇ ವರ್ಷದಲ್ಲಿ ನೂರಕ್ಕೆ ನಲವತ್ತು ನಾಶ. ವಿಚಾರ ಸಂಕಿರಣವೊಂದರಲ್ಲಿ ಓದಿ ಮೆಚ್ಚುಗೆಯನ್ನೂ ಪಡೆದಿದ್ದಳು. ಪ್ರಬಂಧ ಸಲ್ಲಿಸಲು ಉಳಿದದ್ದು ಒಂಬತ್ತು ದಿನ.

ಅಮೀರುನ್ನಿಸಾ ರೂಢಿಯಂತೆ ಬೆರಳಿಟ್ಟು ಕೇಳಿದರು, ಈ ಮುನ್ನೂರ ಹನ್ನೆರಡು ನೋಡಿದ್ದಾ, ಕೇಳಿದ್ದಾ, ಓದಿದ್ದಾ? "ಓದಿದ್ದು ಅಕ್ಕ. ಒಂದಲ್ಲ, ನಾಲ್ಕು ಕಡೆ ಇದೆ," ಎಂದಳು ನಮಿತಾ ಹೆಮ್ಮೆಯಿಂದ.

ಮರುದಿನ ಬೆಳಗಿನ ಜಾವ ಹುಡುಕಿದರೆ ನಾಲ್ಕಲ್ಲ, ಹನ್ನೊಂದು ಕಡೆ ಇತ್ತು. ಪ್ರವಾಸದ ಪುಟದಲ್ಲಿ, ಯಾವುದೋ ಸಂಘದ ವರದಿಯಲ್ಲಿ, ಎಲ್ಲರೂ ತಿದ್ದುವ ವಿಶ್ವಕೋಶದಲ್ಲಿ. ಒಬ್ಬರು ಇನ್ನೊಬ್ಬರನ್ನು ಆಧಾರವೆಂದು ತೋರಿಸಿದ್ದರು. ಎಲ್ಲಕ್ಕಿಂತ ಹಳೆಯದು ತೋರಿಸಿದ್ದು ಈಗ ಇಲ್ಲದ ಒಂದು ಪುಟವನ್ನು. ಆ ವಿಳಾಸ ಅಮೀರುನ್ನಿಸಾ ಅವರದೇ.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂಲಪುಟವೇ ಇಲ್ಲ, ಹುಡುಗಿಗೆ ಪದವಿ ಸಿಗುತ್ತಿತ್ತು, ಇವರ ಹೆಸರೂ ಉಳಿಯುತ್ತಿತ್ತು. ಎರಡು ದಿನ ಅವರು ಸುಮ್ಮನೆಯೇ ಇದ್ದರು, ಬೇರೆ ಅಧ್ಯಾಯ ಟೈಪ್ ಮಾಡುತ್ತ. ಮೂರನೇ ದಿನ ಗಂಡ ಸಮೀಉಲ್ಲಾಗೆ ಹೇಳಿದರು. ಸಮೀಉಲ್ಲಾ ಅರಬೈಲ್ ಘಟ್ಟದಲ್ಲಿ ಲಾರಿ ಓಡಿಸುವವರು, ಮಾತು ಕಡಿಮೆ. "ಬ್ರೇಕ್ ಸರಿ ಇಲ್ಲ ಅಂತ ಗೊತ್ತಿದ್ದೂ ಆ ಹುಡುಗಿ ಗಾಡೀನ ಘಟ್ಟ ಇಳಿಸ್ತೀಯಾ?" ಎಂದಷ್ಟೇ ಕೇಳಿ ಊಟಕ್ಕೆ ಕುಳಿತರಂತೆ.

ನಮಿತಾ ಬಂದಾಗ ಅಮೀರುನ್ನಿಸಾ ಎಲ್ಲವನ್ನೂ ಹೇಳಿದರು, ಹನ್ನೆರಡು ಎಲ್ಲಿಂದ ಬಂತು ಎಂಬುದನ್ನೂ. ಹುಡುಗಿ ಹಸ್ತಪ್ರತಿಯನ್ನು ತನ್ನತ್ತ ಎಳೆದುಕೊಂಡಳು. ಪೇಟೆಯ ಮಾತು ಬಿಟ್ಟುಹೋಗಿ ಮನೆಮಾತು ಬಂತು: "ಎಂಗೆ ಈಗ ಎಂತ ಮಾಡವು ಹೇಳಿ ಗೊತ್ತಾಗ್ತಿಲ್ಲೆ. ನೀವೇ ಹೀಂಗೆ ಮಾಡಿರೆ ಯಾರನ್ನ ನಂಬವು?" ಹಸ್ತಪ್ರತಿ ಎತ್ತಿಕೊಂಡು ಹೋದಳು. ಆಮೇಲಿನ ನಾಲ್ಕು ದಿನದ ಬಗ್ಗೆ ಅಮೀರುನ್ನಿಸಾ ಹೇಳುವುದು ಇಷ್ಟೇ: "ನನ್ನ ಮರ್ಯಾದೆ ಹೋದ್ರೆ ಹೋಗ್ಲಿ. ಅವಳ ಒಂದೂವರೆ ವರ್ಷ ತಿಂದೆ ಅಂತ ಸಂಕಟ."

ಐದನೇ ದಿನ ನಮಿತಾ ಧಾರವಾಡದಿಂದ ನೇರ ಅಂಗಡಿಗೆ ಬಂದಳು. ಗೈಡ್ ಮಡಿವಾಳಪ್ಪನವರು ಮೊದಲು ಸಿಡಿಮಿಡಿಗೊಂಡು, ಆಮೇಲೆ ಅಂದದ್ದು ಹೀಗೆ: "ನೂರ ಎಂಬತ್ತೇಳು ನೀವ ನಡದು ಎಣಿಸೀರಿ ಹೌದಲ್ರಿ? ಅದನ್ನ ಇಟ್ಕೊಂಡು ಹೊಸದಾಗಿ ಬರೀರಿ. ಎಷ್ಟು ಹೋದ್ವು ಅನ್ನೂದು ಬ್ಯಾಡ, ಎಷ್ಟು ಅದಾವು ಅನ್ನೂದು ಹೇಳ್ರಿ." ನಾಶದ ಕಥೆ ಹೋಯಿತು, ಅದರೊಂದಿಗೆ ಅರ್ಧ ಮೆಚ್ಚುಗೆಯೂ ಹೋಯಿತು. ಪ್ರಬಂಧ ನಾಲ್ಕು ತಿಂಗಳು ತಡವಾಯಿತು. ಆ ನಾಲ್ಕು ತಿಂಗಳೂ ಅಮೀರುನ್ನಿಸಾ ಹನ್ನೊಂದು ಪುಟದವರಿಗೂ ಮೇಲ್ ಬರೆದರು. ನಾಲ್ವರು ತಿದ್ದಿದ್ದಾರೆ. ವಿಶ್ವಕೋಶದಲ್ಲಿ ಇವರು ಒರೆಸಿದ್ದನ್ನು ಯಾರೋ ಪುಣ್ಯಾತ್ಮರು ಎರಡು ಸಲ ಮರಳಿ ಬರೆದರು, ಆಧಾರ ಇವರದೇ ಹಳೆಯ ಪುಟ. ಇದನ್ನು ಹೇಳಿ ಅವರು ನಕ್ಕೇ ನಕ್ಕರು, ನಾನೂ ನಕ್ಕೆ.

ಪ್ರಬಂಧದ ಒಂದು ಪ್ರತಿ ಅಂಗಡಿಯಲ್ಲಿದೆ. ಹಳೆಯ ಅಂಕಿ ಏಕೆ ಬಿಟ್ಟೆವು ಎಂದು ಓದುಗರಿಗೆ ತಿಳಿಸಲೇಬೇಕಿತ್ತು. ನಮಿತಾ ಬರೆದು ತಂದದ್ದು, 'ಒಬ್ಬ ಸ್ಥಳೀಯರು ಅಂದಾಜಿನಿಂದ ಕೊಟ್ಟ ಸಂಖ್ಯೆ' ಎಂದು. ಅಕ್ಕನ ಹೆಸರು ಬರಬಾರದು ಎಂಬ ಪ್ರೀತಿ ಅವಳದು. ಅಮೀರುನ್ನಿಸಾ ಆ ಸಾಲನ್ನು ಟೈಪ್ ಮಾಡಲು ಒಪ್ಪಲಿಲ್ಲ. "ಒಬ್ಬ ಸ್ಥಳೀಯರು ಅಂದ್ರೆ ಯಾರು? ಪೋಸ್ಟಣ್ಣನೂ ಸ್ಥಳೀಯರೇ. ಪಾಪ, ಅವರು ಮುನ್ನೂರು ಅಂತ ಅಷ್ಟೇ ಹೇಳಿದ್ದು," ಎಂದು ವಾದಿಸಿದರು. ಕೊನೆಗೆ ಗೆದ್ದರು.

ಎಂಬತ್ತನಾಲ್ಕನೇ ಪುಟ ತೆರೆದು ತೋರಿಸಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿದೆ: '೩೧೨ ಎಂಬ ಸಂಖ್ಯೆಗೆ ಎಣಿಕೆಯ ಆಧಾರವಿಲ್ಲ. ಇದನ್ನು ೨೦೦೦ದಲ್ಲಿ ವೆಬ್‌ಪುಟವೊಂದರಲ್ಲಿ ಮೊದಲು ಬರೆದವರು ಶಿರಸಿಯ ಬೆರಳಚ್ಚುಗಾರ್ತಿ ಅಮೀರುನ್ನಿಸಾ. ಈ ಮಾಹಿತಿಯನ್ನು ಅವರೇ ನೀಡಿದ್ದಾರೆ.'

ಇದನ್ನು ನಿಮ್ಮ ಕೈಯಾರೆ ಟೈಪ್ ಮಾಡುವಾಗ ಏನನ್ನಿಸಿತು ಎಂದು ಕೇಳಿದೆ. ಪುಸ್ತಕ ಮುಚ್ಚಿ, ಸೆರಗಿನಿಂದ ಒಮ್ಮೆ ರಟ್ಟನ್ನು ಒರೆಸಿದರು.

"ಮೂವತ್ತು ವರ್ಷ ಬೇರೆಯವರ ಮಾತೇ ಟೈಪ್ ಮಾಡಿದ್ದು. ಇದೊಂದು ನನ್ನ ಬಗ್ಗೆ. ಯಾರು ಬಂದು ಬೇಕಾದ್ರೂ ಕೇಳ್ಲಿ, ಇದ್ರಲ್ಲಿ ಸುಳ್ಳಿಲ್ಲ."